ಗಲಾಟೆ ತೆಗೆಯುವ ಕ್ರಮ

ಮಣ್ಣಗುಡ್ಡ, ಮಂಗಳೂರು
4 ಜುಲೈ 2024

ಮಾನ್ಯ ಮುನೀರಾ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ, ನಿಮ್ಮದು ನನಗಿಲ್ಲ. ಆದರೆ ರೀಲ್‌ಬೆಂಚ್ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ‘ಕನ್ನಡಕ್ಕೆ ತಂದವರು’ ಎಂಬಲ್ಲಿ ಒಂದೇ ಒಂದು ಹೆಸರು, ಒಂದು ಇ-ಮೇಲ್ ವಿಳಾಸ ಉಂಟು. ಅದು ನಿಮ್ಮದು. ಆದ್ದರಿಂದ ಈ ದೂರನ್ನು ನಿಮಗೇ ಬರೆಯಬೇಕಾಯಿತು.

ನಾನು ಜಯಪಾಲ ಶೆಟ್ಟಿ, ಪ್ರಾಯ ಅರುವತ್ತೇಳು. ಬಂದರಿನ ಹತ್ತಿರ ಮೂವತ್ತೆರಡು ವರ್ಷ ಮೀನೂಟದ ಹೋಟೆಲು ನಡೆಸಿ, ಎರಡು ವರ್ಷದ ಹಿಂದೆ ಬಾಗಿಲು ಹಾಕಿದೆ. ಹೋಟೆಲಿನ ಹಳೆಯ ಕಂಪ್ಯೂಟರನ್ನು ಮನೆಗೆ ತಂದಾಗ ಅದು ಕಣ್ಣು ಬಿಡಲಿಕ್ಕೇ ಕಾಲು ಗಂಟೆ ತೆಗೆದುಕೊಳ್ಳುತ್ತಿತ್ತು. ರಿಪೇರಿಯ ಸೆವರಿನ್ ನೋಡಿ, “ಶೆಟ್ರೇ, ಇದಕ್ಕೆ ಲಿನಕ್ಸ್ ಹಾಕುವ. ಪುಕ್ಕಟೆ, ವೈರಸ್ ಇಲ್ಲ, ಕನ್ನಡವೂ ಉಂಟು” ಎಂದ. ಕನ್ನಡ ಉಂಟು, ಹೌದು. ಆದರೆ ಎಂತಹ ಕನ್ನಡ!

ಧ್ವನಿ ಜೋರು ಮಾಡುವ ಗುಂಡಿಗೆ ‘ಲಾಭ’ ಎಂದು ಬರೆದಿದ್ದೀರಿ. ನಾನು ವ್ಯಾಪಾರದವ, ಲಾಭ ಕಂಡರೆ ಕೈ ಸುಮ್ಮನಿರುವುದಿಲ್ಲ. ಪೂರ್ತಿ ಏರಿಸಿದೆ. ಪಕ್ಕದ ಮನೆಯ ಮೋಹನದಾಸರು ಬನಿಯನ್ನಿನಲ್ಲೇ ಓಡಿ ಬಂದರು. ಸ್ಪೀಕರ್ ಆಯ್ಕೆ ಮಾಡುವ ಕಡೆ ‘ಮುಳುಗಿಸು’ ಎಂದಿದೆ. ಕಷ್ಟಪಟ್ಟು ಮಾಡಿದ ರೆಕಾರ್ಡನ್ನು ಯಾರಾದರೂ ಮುಳುಗಿಸುತ್ತಾರೆಯೇ? ನಾನು ಅದನ್ನು ಮುಟ್ಟಲೇ ಇಲ್ಲ. ಆದ್ದರಿಂದ ಸೆವರಿನ್ ಬಂದು ಒತ್ತುವವರೆಗೆ, ಮೊದಲ ಹನ್ನೆರಡು ದಿನ ನನಗೆ ಏನೂ ಕೇಳಿಸಲೂ ಇಲ್ಲ.

ಈಗ ಮುಖ್ಯ ವಿಷಯ. ನನ್ನ ಹೋಟೆಲು ಜೀವನದ ಅನುಭವಗಳನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಅದರಲ್ಲಿ ನನ್ನ ಹೆಂಡತಿ ಗುಲಾಬಿಯ ಧ್ವನಿಯೂ ಬಂದಿದೆ. ನಾನು ಒಂದು ಹೇಳಿದರೆ ಅವಳು ನಾಲ್ಕು ಹೇಳುತ್ತಾಳೆ. ಜೊತೆಗೆ ಮಿಕ್ಸಿ, ಕುಕ್ಕರ್. ಇದರಲ್ಲಿ ಅವಳ ಧ್ವನಿಯನ್ನು ಬೇರೆ ಮಾಡುವ ಕ್ರಮ ಹೇಗೆ? ಸ್ವಲ್ಪ ಅವಸರ ಉಂಟು.

ಜಯಪಾಲ ಶೆಟ್ಟಿ


ಶಾರ್ಜಾ
6 ಜುಲೈ 2024

ಮಾನ್ಯ ಶೆಟ್ರೇ,

ನಿಮ್ಮ ಪತ್ರ ಓದಿ ಮೊದಲು ನಾಚಿಕೆಯಾಯಿತು, ಆಮೇಲೆ ವಿಪರೀತ ಸಂತೋಷವಾಯಿತು. ನಾನು ಉಳ್ಳಾಲದವಳು. ಹನ್ನೆರಡು ವರ್ಷದ ಹಿಂದೆ ಕಾಲೇಜಿನಲ್ಲಿದ್ದಾಗ ಲಿನಕ್ಸ್ ಪ್ರಿಯರ ಒಂದು ಗುಂಪಿತ್ತು. ಒಂದು ತಂತ್ರಾಂಶವನ್ನು ಕನ್ನಡಕ್ಕೆ ತಂದರೆ ಒಂದು ಟೀ ಶರ್ಟ್ ಕೊಡುತ್ತೇವೆ ಎಂದಿದ್ದರು. ನಾನು ಹನ್ನೊಂದೇ ದಿನದಲ್ಲಿ ಎಲ್ಲ ಮುಗಿಸಿದೆ. ಪದಗಳು ಒಂದು ಪಟ್ಟಿಯಾಗಿ ಬರುತ್ತಿದ್ದವು. ಯಾವ ಪದ ಯಾವ ಗುಂಡಿಯ ಮೇಲೆ ಕೂರುತ್ತದೆ ಎಂದು ಯಾರಿಗೆ ಗೊತ್ತು? ಗೇನ್ ಎಂದರೆ ಲಾಭ ಎಂದುಕೊಂಡೆ. ಧ್ವನಿ ಹೊರಗೆ ಹೋಗುವ ದಾರಿಗೆ ಅವರು ಸಿಂಕ್ ಎನ್ನುತ್ತಾರೆ. ಸಿಂಕ್ ಎಂದರೆ ಮುಳುಗುವುದು ಎಂದುಕೊಂಡೆ. ಕೊನೆಗೆ ಬಂದ ಟೀ ಶರ್ಟಿನೊಳಗೆ ನನ್ನಂಥ ಇಬ್ಬರು ಹಿಡಿಸುತ್ತಿದ್ದರು. ಅಣ್ಣ ಹಾಕಿಕೊಂಡ.

ಇಷ್ಟು ವರ್ಷದಲ್ಲಿ ‘ನಿನ್ನ ಕನ್ನಡ ಬಳಸಿದೆ’ ಎಂದು ಬರೆದ ಮೊದಲ ಮನುಷ್ಯ ನೀವು. ಬೈಗುಳವಾದರೂ ಆಗಲಿ.

ಈಗ ಕ್ರಮ ಹೇಳುತ್ತೇನೆ. ಗುಲಾಬಿಯಕ್ಕ ಒಬ್ಬರೇ ಮಾತಾಡುವ ಐದು ಸೆಕೆಂಡಿನ ತುಂಡನ್ನು ಆರಿಸಿ. ಮೇಲೆ ‘ಗಲಾಟೆ ತೆಗೆ’ ಎಂದು ಒಂದು ಆಯ್ಕೆ ಉಂಟು. ಅದರಲ್ಲಿ ಮೊದಲು ‘ಗುರುತು ಹಿಡಿ’ ಒತ್ತಿ. ಆಮೇಲೆ ಇಡೀ ರೆಕಾರ್ಡನ್ನು ಆರಿಸಿ ‘ಸರಿ’ ಒತ್ತಿ. ಅದಕ್ಕೂ ಜಗ್ಗದಿದ್ದರೆ ಮುಂದಿನ ಸಲ ರೆಕಾರ್ಡ್ ಮಾಡುವಾಗ ಬಾಗಿಲು ಹಾಕಿಕೊಳ್ಳಿ. ಅಥವಾ ಅಕ್ಕನನ್ನು ಒಂದು ಗಂಟೆ ಮಾರ್ಕೆಟಿಗೆ ಕಳಿಸಿ.

ಮುನೀರಾ


ಮಣ್ಣಗುಡ್ಡ
15 ಜುಲೈ 2024

ಮುನೀರಾ ಅವರೇ,

ನೀವು ಹೇಳಿದ ಹಾಗೆ ಅಕ್ಷರ ಬಿಡದೆ ಮಾಡಿದೆ. ಗುಲಾಬಿಯ ಧ್ವನಿ ಈಗ ಬಾವಿಯ ಒಳಗಿಂದ ಬಂದ ಹಾಗೆ ಬರುತ್ತದೆ. ನನ್ನದು ಮಾತ್ರ ಗಂಟೆಯ ಹಾಗೆ ಉಳಿದಿದೆ. ನಾನು ಪ್ರಶ್ನೆ ಕೇಳುತ್ತೇನೆ, ಯಾರೂ ಉತ್ತರ ಕೊಡುವುದಿಲ್ಲ, ನಾನೇ “ಹೌದಾ?” ಎನ್ನುತ್ತೇನೆ. ಕೇಳಿದವರು ನನ್ನನ್ನು ಆಸ್ಪತ್ರೆಗೆ ಸೇರಿಸಿಯಾರು.

ನೀವು ತಿಳಿದದ್ದು ತಪ್ಪು. ಗಲಾಟೆ ಅವಳಲ್ಲ. ಗಲಾಟೆ ನಾನು. ನನ್ನನ್ನು ತೆಗೆಯಬೇಕು. ಮಿಕ್ಸಿಯನ್ನೂ ತೆಗೆಯಬೇಕು. ಅವಳು ಹೇಳಿದ ಒಂದೊಂದು ಮಾತೂ ಸ್ಪಷ್ಟವಾಗಿ ಉಳಿಯಬೇಕು. ಕೋಪ ಮಾಡಿದ್ದು, ಬೈದದ್ದು, ಎಲ್ಲ. ರೆಕಾರ್ಡ್ ಮಾಡುವುದು ಅವಳಿಗೆ ಗೊತ್ತಾಗದ ಹಾಗೆ ಮೈಕನ್ನು ಕ್ಯಾಲೆಂಡರಿನ ಹಿಂದೆ ಇಟ್ಟಿದ್ದೇನೆ. ಅದಕ್ಕೇ ಸ್ವಲ್ಪ ಮಂದ ಬರುವುದು.

ದಯವಿಟ್ಟು ಬೇಗ ತಿಳಿಸಿ. ಸೆಪ್ಟೆಂಬರ್ ಮೊದಲ ವಾರದೊಳಗೆ ಎಲ್ಲ ಆಗಬೇಕು.

ಜಯಪಾಲ


ಶಾರ್ಜಾ
17 ಜುಲೈ 2024

ಮಾನ್ಯ ಜಯಪಾಲ ಶೆಟ್ಟಿಯವರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ಗಂಡ ಸುಹೈಬ್ ಅವರಿಗೂ ಓದಿ ಹೇಳಿದೆ. ಹೆಂಡತಿ ಬೈದ ಮಾತನ್ನು ಕದ್ದು ರೆಕಾರ್ಡ್ ಮಾಡಿ, ಸ್ವಂತ ಮಾತನ್ನು ಅಳಿಸಿ, ಒಂದು ತಾರೀಕಿನೊಳಗೆ ತಯಾರು ಮಾಡುವುದು ಯಾತಕ್ಕೆ ಎಂದು ನಮಗೆ ಅರ್ಥವಾಗದೆ ಇಲ್ಲ. ಕೋರ್ಟಿನ ವಿಷಯದಲ್ಲಿ ನಾನು ಸಹಾಯ ಮಾಡಲಾರೆ. “ಈ ಪ್ರಾಯದಲ್ಲಿ ಇವರಿಗೆ ಎಂತ ಬಂತು ಮಾರಾಯ್ತಿ?” ಎಂದು ಸುಹೈಬ್ ಕೇಳಿದರು. ನನಗೂ ಅದೇ ಪ್ರಶ್ನೆ.

ಗುಲಾಬಿಯಕ್ಕನಿಗೆ ನನ್ನ ಸಲಾಂ ತಿಳಿಸಿ. ಸಾಧ್ಯವಾದರೆ ಕ್ಯಾಲೆಂಡರಿನ ಹಿಂದೆ ನೋಡಲು ಹೇಳಿ.

ಮುನೀರಾ


ಮಣ್ಣಗುಡ್ಡ
9 ಆಗಸ್ಟ್ 2024

ಮುನೀರಾ ಅವರಿಗೆ,

ನಿಮ್ಮ ಪತ್ರಕ್ಕೆ ಉತ್ತರ ಬರೆಯಬಾರದೆಂದೇ ಇದ್ದೆ. ಮೂರು ವಾರ ನಾನೇ ಪ್ರಯತ್ನಿಸಿದೆ. ಆಗಲಿಲ್ಲ. ಆದ್ದರಿಂದ ಇದ್ದದ್ದನ್ನು ಬರೆಯುತ್ತೇನೆ.

ಗುಲಾಬಿಯ ಗಂಟಲಿನಲ್ಲಿ ಗಡ್ಡೆ ಉಂಟು. ಸೆಪ್ಟೆಂಬರ್ ನಾಲ್ಕಕ್ಕೆ ಆಪರೇಶನ್. ಡಾಕ್ಟರ್ ಇರ್ವಿನ್ ಒಳ್ಳೆಯ ಮನುಷ್ಯ, ಸುತ್ತುಬಳಸಿ ಹೇಳಲಿಲ್ಲ. ಜೀವಕ್ಕೆ ಭಯವಿಲ್ಲ, ಆದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಆಮೇಲೆ ಮಾತು ಇಲ್ಲ. ಕೆಲವರಿಗೆ ಒಂದು ಸಣ್ಣ ವಾಲ್ವ್ ಕೂರಿಸಿ ಮಾತು ಕಲಿಸುತ್ತಾರಂತೆ, ಆದರೆ ಅದು ಬೇರೆಯೇ ಸ್ವರ.

ನಮ್ಮ ಹೋಟೆಲಿನಲ್ಲಿ ಬೋರ್ಡು ಇದ್ದದ್ದು ನನ್ನ ಹೆಸರಿನಲ್ಲಿ. ನಡೆದದ್ದು ಅವಳ ಗಂಟಲಿನಲ್ಲಿ. ಕ್ಯಾಶಿನಲ್ಲಿ ಕುಳಿತು “ಅಂಜಲ್ ಫ್ರೈ ಎರಡೂ!” ಎಂದು ಕೂಗಿದರೆ, ಮೂರು ಕೋಣೆ ದಾಟಿ ಅಡುಗೆಮನೆಯಲ್ಲಿ ಕಾವಲಿಯ ಮೇಲೆ ಮೀನು ಬೀಳುತ್ತಿತ್ತು. ಬೆಲ್ಲು, ಮೈಕು ಯಾವುದೂ ನಮಗೆ ಬೇಕಾಗಲಿಲ್ಲ.

ಡಾಕ್ಟರು ಹೇಳಿದ ದಿನದಿಂದ ಮನೆಯಲ್ಲಿ ಆ ವಿಷಯ ಎತ್ತಲು ಅವಳು ಬಿಡುವುದಿಲ್ಲ. ‘ನಿನ್ನ ಸ್ವರ ಹಿಡಿದಿಡುತ್ತೇನೆ, ಮಾತಾಡು’ ಎಂದರೆ ಖಂಡಿತ ಬಾಯಿ ಮುಚ್ಚುತ್ತಾಳೆ. ನಲವತ್ತು ವರ್ಷದಲ್ಲಿ ನನಗೆ ಒಂದು ಗುಟ್ಟು ಗೊತ್ತು. ತಪ್ಪು ಕೇಳಿಸಿಕೊಂಡು ಸುಮ್ಮನಿರಲು ಅವಳಿಂದ ಆಗುವುದಿಲ್ಲ. ಅದಕ್ಕೇ ಈ ‘ಅನುಭವ’ದ ನಾಟಕ. ನಾನು ಬೇಕೆಂದೇ ತಪ್ಪು ಹೇಳುತ್ತೇನೆ. ಹೋಟೆಲು ಶುರುವಾದದ್ದು ಹಂಪನಕಟ್ಟೆಯಲ್ಲಿ ಎನ್ನುತ್ತೇನೆ. ಹುಳಿಖಾರದ ಮೀನುಸಾರು ಪುಳಿಮುಂಚಿಗೆ ಸಕ್ಕರೆ ಹಾಕುತ್ತಿದ್ದೆವು ಎನ್ನುತ್ತೇನೆ. ಅವಳು ಅಡುಗೆಮನೆಯಿಂದ ಓಡಿ ಬಂದು ತಿದ್ದುತ್ತಾಳೆ. ಹಾಗೆ ಆರು ಗಂಟೆಯ ಧ್ವನಿ ಆಗಿದೆ. ಎಲ್ಲ ಕಡೆ ನಾನು ಅಡ್ಡ ಬಂದಿದ್ದೇನೆ. ಅದನ್ನು ಇದರ ಜೊತೆಗೇ ಕಳಿಸಿದ್ದೇನೆ.

ಜಯಪಾಲ


ಶಾರ್ಜಾ
11 ಆಗಸ್ಟ್ 2024

ಶೆಟ್ರೇ,

ನನ್ನನ್ನು ಕ್ಷಮಿಸಿ. ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ. ನನ್ನ ಹತ್ತಿರ ಲಿನಕ್ಸ್ ಇರುವ ಕಂಪ್ಯೂಟರೇ ಇರಲಿಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅದನ್ನೆಲ್ಲ ಮುಟ್ಟಿಯೇ ಇಲ್ಲ. ನಿಮಗೆ ಬರೆದ ಕ್ರಮವನ್ನು ಹಳೆಯ ನೆನಪಿನಿಂದ ಬರೆದೆ. ನನ್ನನ್ನು ಯಾರೋ ಪಂಡಿತೆ ಎಂದು ತಿಳಿದು ಪತ್ರ ಬರೆದಿದ್ದರು, ಆ ಸುಖ ಬಿಡಲು ಮನಸ್ಸಾಗಲಿಲ್ಲ.

ನಿನ್ನೆ ಸುಹೈಬ್ ನಮಾಜಿಗೆ ಹೋದಾಗ ಅವರ ಅತ್ತರಿನ ಅಂಗಡಿಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದೆ. ಮೊದಲೇ ಇದ್ದದ್ದೂ ಇದೂ ಒಟ್ಟಿಗೆ ಇರುತ್ತವೆ ಎಂದು ತಿಳಿದಿದ್ದೆ. ಇರಲಿಲ್ಲ. ಬಿಲ್ಲು ಮಾಡುವ ತಂತ್ರಾಂಶ ಪೂರ್ತಿ ಮಾಯ. ಅವರು ಇಡೀ ದಿನ ಕೈಯಲ್ಲಿ ಬಿಲ್ಲು ಬರೆದರು, ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಸಂಜೆ ನಿಮ್ಮ ರೆಕಾರ್ಡ್ ಹಾಕಿದೆ. ಗುಲಾಬಿಯಕ್ಕ ತುಳುವಿನಲ್ಲಿ ಪುಳಿಮುಂಚಿಯ ವಿಷಯದಲ್ಲಿ ನಿಮ್ಮನ್ನು ಝಾಡಿಸುವುದನ್ನು ಕೇಳಿ ಅವರು ಪೆನ್ನು ಕೆಳಗಿಟ್ಟರು. “ಊರಿಗೆ ಹೋಗಿ ಎಷ್ಟು ಕಾಲ ಆಯ್ತು” ಎಂದರು. ಈಗ ಮಾತಾಡುತ್ತಾರೆ.

ಕೇಳಿ. ಕಲಸಿಹೋದ ಎರಡು ಧ್ವನಿಯನ್ನು ಚೆನ್ನಾಗಿ ಬೇರೆ ಮಾಡುವುದು ನನ್ನಿಂದ ಆಗದ ಕೆಲಸ. ಹೊಸದಾಗಿ, ಅವರೊಬ್ಬರದ್ದೇ ರೆಕಾರ್ಡ್ ಮಾಡಬೇಕು. ಅದಕ್ಕೆ ಅವರಿಗೆ ಹೇಳಲೇಬೇಕು. ದಿನಾ ಬೇಕಾಗುವ ಮಾತುಗಳನ್ನು ಒಂದೊಂದಾಗಿ ಹೇಳಿಸಿ ಕಳಿಸಿ. ನಾನು ಫೋನಿನಲ್ಲಿ ತೆರೆಯುವ ಒಂದು ಹಲಗೆ ಮಾಡುತ್ತೇನೆ. ಗುಂಡಿ ಒತ್ತಿದರೆ ಅಕ್ಕನ ಸ್ವಂತ ಧ್ವನಿ ಬರುತ್ತದೆ. ಇದಕ್ಕೆ ಬೇಕಾದದ್ದೆಲ್ಲ ಯಾರ್ಯಾರೋ ಮಾಡಿ ಪುಕ್ಕಟೆ ಇಟ್ಟಿದ್ದಾರೆ, ನಾನು ಜೋಡಿಸಿದರೆ ಸಾಕು. ನಲವತ್ತು ಮಾತುಗಳ ಪಟ್ಟಿ ಲಗತ್ತಿಸಿದ್ದೇನೆ: ನೀರು ಬೇಕು, ನೋವಾಗುತ್ತದೆ, ಫ್ಯಾನ್ ಹಾಕಿ, ಇತ್ಯಾದಿ.

ಧ್ವನಿ ಗುಂಯ್‌ಗುಡದಿರಲು ಬಟ್ಟೆಯ ಕಪಾಟಿನ ಬಾಗಿಲು ತೆರೆದು, ಅದರೊಳಗೆ ಮುಖ ಮಾಡಿ ಮಾತಾಡಬೇಕು.

ಮುನೀರಾ


ಮಣ್ಣಗುಡ್ಡ
20 ಆಗಸ್ಟ್ 2024

ಮುನೀರಾ,

ಹೇಳಿದೆ. ಅವಳು ನೀರುಳ್ಳಿ ಹೆಚ್ಚುತ್ತಿದ್ದಳು. ನಮ್ಮ ಮಾತೆಲ್ಲ ತುಳು, ನಿಮಗೆ ಕನ್ನಡದಲ್ಲಿ ಬರೆಯುತ್ತೇನೆ.

“ನೋಡು, ನಾನು ಅನುಭವ ಗಿನುಭವ ಎಂತದ್ದೂ ರೆಕಾರ್ಡ್ ಮಾಡುದಲ್ಲ. ನಿನ್ನ ಸ್ವರ ಹಿಡಿದಿಡುದು.”

ಅವಳು ಚೂರಿ ನಿಲ್ಲಿಸಲಿಲ್ಲ. “ಗೊತ್ತುಂಟು.”

“ಗೊತ್ತುಂಟಾ? ಯಾವಾಗಿಂದ?”

“ಹೋಟೆಲು ಹಂಪನಕಟ್ಟೆಯಲ್ಲಿ ಇತ್ತು ಅಂತ ನೀವು ಹೇಳಿದ ದಿನದಿಂದ. ಮನುಷ್ಯನಿಗೆ ಮರೆವು ಬರ್ತದೆ, ಸರಿ. ಹೋಟೆಲೇ ಎದ್ದು ನಡ್ಕೊಂಡು ಹೋಗುದುಂಟಾ?”

“ಮತ್ತೆ ಎಂತಕ್ಕೆ ತಿದ್ದಿದ್ದು?”

“ನೀವು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಾ ಇದ್ರಿ. ಸುಮ್ಮನೆ ಇದ್ರೆ ನಿಮಗೆ ಬೇಜಾರಾಗುದಿಲ್ವಾ?”

ಆಮೇಲೆ ಇಬ್ಬರೂ ನೀರುಳ್ಳಿಯ ಹೆಸರಿನಲ್ಲಿ ಸ್ವಲ್ಪ ಹೊತ್ತು ಕಣ್ಣು ಒರೆಸಿಕೊಂಡೆವು.

ನಿಮ್ಮ ಪಟ್ಟಿಯನ್ನು ಅವಳು ಕನ್ನಡಕ ಹಾಕಿ ಓದಿದಳು. “ಪಾಪ, ಒಳ್ಳೆ ಹುಡುಗಿ. ಆದ್ರೆ ನೀರು ಬೇಕು ಅನ್ಲಿಕ್ಕೆ ಸ್ವರ ಯಾಕೆ? ಲೋಟ ತೋರ್ಸಿದ್ರೆ ಸಾಲದಾ?” ಎಂದು ಮಡಚಿಟ್ಟಳು. ತನ್ನದೇ ಪಟ್ಟಿ ಮಾಡಿದಳು. ಅರುವತ್ತೊಂದು ಮಾತು. ಅದರಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಉಂಟು, ‘ಕೈ ತೊಳೆದು ಬನ್ನಿ’ ಉಂಟು, ‘ಇದು ನನಗೆ ಮೊದಲೇ ಗೊತ್ತಿತ್ತು’ ಉಂಟು, ‘ಬಂಗುಡೆ ನಿನ್ನೆಯದ್ದು’ ಉಂಟು. ‘ಹೂಂ’ ಎಂಬುದೇ ನಾಲ್ಕು. ಒಂದು ಒಪ್ಪಿಗೆಗೆ, ಒಂದು ‘ನೋಡುವ’ ಎಂಬುದಕ್ಕೆ, ಒಂದು ಫೋನಿನಲ್ಲಿ ಕೇಳಿಸಿಕೊಳ್ಳುವಾಗ. ನಾಲ್ಕನೆಯದು ‘ನಿಮ್ಮ ಇಷ್ಟ, ಆಮೇಲೆ ನನ್ನ ಹತ್ತಿರ ಬರಬೇಡಿ’ ಎಂಬುದಕ್ಕೆ. ನನಗೆ ನಾಲ್ಕೂ ಒಂದೇ ತರ ಕೇಳುತ್ತದೆ. “ಅದೇ ನಿಮ್ಮ ತೊಂದರೆ” ಎಂದಳು.

ಐದು ದಿನ ಕಪಾಟಿನ ಎದುರು ನಿಂತೆವು. ಅವಳು ಸೀರೆಗಳಿಗೆ ಬೈಯುತ್ತಾಳೆ, ನಾನು ಮೈಕು ಹಿಡಿಯುತ್ತೇನೆ. ಕೊನೆಯ ದಿನ ಹೋಟೆಲಿನ ಕೂಗು. “ಅಂಜಲ್ ಫ್ರೈ ಎರಡೂ!” ಅಷ್ಟು ಜೋರು ಕೂಗಬಾರದು ಎಂದು ಡಾಕ್ಟರು ಹೇಳಿದ್ದರು. ಕೂಗಿದಳು. ಮೋಹನದಾಸರು ಬೇಲಿಯ ಆಚೆಯಿಂದ “ನಮಗೂ ಒಂದು!” ಎಂದರು. ಆ ಧ್ವನಿಯೂ ಬಂದಿದೆ. ತೆಗೆಯಬೇಡಿ.

ಜಯಪಾಲ


ಶಾರ್ಜಾ
31 ಆಗಸ್ಟ್ 2024

ಪ್ರಿಯ ಶೆಟ್ರಿಗೆ, ಗುಲಾಬಿಯಕ್ಕನಿಗೆ,

ಹಲಗೆ ತಯಾರು. ಕೊಂಡಿ ಕೆಳಗೆ ಉಂಟು, ಫೋನಿನಲ್ಲಿ ಒಮ್ಮೆ ತೆರೆದರೆ ಆಮೇಲೆ ಇಂಟರ್ನೆಟ್ ಬೇಡ. ನಾಲ್ಕು ‘ಹೂಂ’ಗೆ ನಾಲ್ಕು ಬಣ್ಣ ಕೊಟ್ಟಿದ್ದೇನೆ. ನಾಲ್ಕನೆಯದಕ್ಕೆ ಕೆಂಪು.

ಪರೀಕ್ಷೆ ಮಾಡುವಾಗ ಅಂಗಡಿಯಲ್ಲಿ ‘ಕೈ ತೊಳೆದು ಬನ್ನಿ’ ಒತ್ತಿದೆ. ಸುಹೈಬ್ ಎದ್ದು ಹೋಗಿ ಕೈ ತೊಳೆದು ಬಂದರು. ನಾನು ಹತ್ತು ವರ್ಷದಿಂದ ಹೇಳುತ್ತಿದ್ದೇನೆ, ನನಗಾಗಿ ಒಮ್ಮೆಯೂ ಎದ್ದವರಲ್ಲ.

ಬುಧವಾರ ನಮ್ಮ ಮನೆಯಲ್ಲಿ ಅಕ್ಕನ ಹೆಸರಿನಲ್ಲಿ ದುವಾ ಉಂಟು. ಆಪರೇಶನ್ ಆದ ಕೂಡಲೇ ಒಂದು ಸಾಲು ಬರೆಯಿರಿ.

ಮುನೀರಾ


ಶಾರ್ಜಾ
12 ಸೆಪ್ಟೆಂಬರ್ 2024

ಶೆಟ್ರೇ,

ಎಂಟು ದಿನವಾಯಿತು. ಗಡಿಬಿಡಿಯಲ್ಲಿರುತ್ತೀರಿ ಎಂದು ಗೊತ್ತು. ಹೇಗಿದ್ದಾರೆ?

ಮುನೀರಾ


ಶಾರ್ಜಾ
24 ಸೆಪ್ಟೆಂಬರ್ 2024

ಶೆಟ್ರೇ,

ಹಲಗೆ ಕೆಲಸ ಮಾಡದಿದ್ದರೆ ಬೈದು ಬರೆಯಿರಿ. ಕನ್ನಡ ತಪ್ಪಿದ್ದರೆ ಬೈದು ಬರೆಯಿರಿ. ಸುಮ್ಮನೆ ಇರಬೇಡಿ.

ಮುನೀರಾ


ಮಣ್ಣಗುಡ್ಡ
5 ಅಕ್ಟೋಬರ್ 2024

ಪ್ರೀತಿಯ ಮುನೀರಾ,

ತಪ್ಪಾಯಿತು. ಆಸ್ಪತ್ರೆಯಲ್ಲಿ ಮೂರು ವಾರ ಆಯಿತು. ಬರೆಯಲು ಕುಳಿತರೆ ಕೈ ಓಡುತ್ತಿರಲಿಲ್ಲ. ಅವಳು ಆರಾಮ ಇದ್ದಾಳೆ. ಗಡ್ಡೆ ಪೂರ್ತಿ ಹೋಗಿದೆ.

ಮೊದಲ ವಾರ ಸ್ಲೇಟಿನಲ್ಲಿ ಬರೆದಳು. ಹಲಗೆ ತೋರಿಸಿದರೆ ಮುಖ ತಿರುಗಿಸುತ್ತಿದ್ದಳು. ಒತ್ತಾಯ ಮಾಡಲಿಲ್ಲ. ಒಂಬತ್ತನೆಯ ದಿನ ಡಾಕ್ಟರ್ ಇರ್ವಿನ್ ನಾಲ್ಕು ಜನ ಶಿಷ್ಯರ ಜೊತೆ ಒಳಗೆ ಬಂದರು. ಇವಳು ದಿಂಬಿನ ಅಡಿಯಿಂದ ಫೋನ್ ತೆಗೆದು ಒಂದು ಗುಂಡಿ ಒತ್ತಿದಳು. “ಚಪ್ಪಲಿ ಹೊರಗೆ ಬಿಡಿ!” ಡಾಕ್ಟರು ಬೂಟಿನ ದಾರ ಬಿಚ್ಚಲು ಬಗ್ಗಿದರು ಮಾರಾಯ್ತಿ! ಶಿಷ್ಯರೂ ಬಗ್ಗಿದರು. ಗುಲಾಬಿಯ ಭುಜ ಕುಲುಕುತ್ತಿತ್ತು. ನಾನು ಓಡಿ ಹೋಗಿ ಹಿಡಿದೆ, ನೋವೆಂದು ತಿಳಿದು. ನಗುತ್ತಿದ್ದಳು. ಶಬ್ದವಿಲ್ಲದ ನಗುವನ್ನು ಗುರುತಿಸಲು ನನಗೆ ಇನ್ನೂ ಅಭ್ಯಾಸವಾಗಬೇಕು.

ನಿನ್ನೆ ಮೀನು ಮಾರ್ಕೆಟಿಗೆ ಹೋದೆವು. ನಮಗೆ ಹೋಟೆಲಿನ ಕಾಲದಿಂದ ಮೀನು ಕೊಡುವ ಮುದ್ದು ಎಂಬವಳಿದ್ದಾಳೆ. ಗುಲಾಬಿ ಬುಟ್ಟಿ ನೋಡಿ ಗುಂಡಿ ಒತ್ತಿದಳು. “ಬಂಗುಡೆ ನಿನ್ನೆಯದ್ದು!”

ಮುದ್ದು ಹೇಳಿದಳು, “ಅಕ್ಕಾ, ಇದು ಬಂಗುಡೆ ಅಲ್ಲ, ಬೂತಾಯಿ.”

ಬೂತಾಯಿಗೆ ಗುಂಡಿ ಇಲ್ಲ. ಗುಲಾಬಿ ಬಿಡುವವಳಲ್ಲ. ಧ್ವನಿ ಏರಿಸಿ ಮತ್ತೆ ಒತ್ತಿದಳು. “ಬಂಗುಡೆ ನಿನ್ನೆಯದ್ದು!” ಮುದ್ದು ಫೋನಿನ ಹತ್ತಿರವೇ ಬಗ್ಗಿ ಜಗಳಕ್ಕೆ ನಿಂತಳು. “ಕಣ್ಣು ಉಂಟಾ ನಿನಗೆ? ಬೂತಾಯಿ ಇದು, ಇವತ್ತಿನ ಬೂತಾಯಿ!” ಕೆಂಪು ‘ಹೂಂ’ ಬಂತು. ಇಡೀ ಸಾಲು ವ್ಯಾಪಾರ ಬಿಟ್ಟು ನೋಡುತ್ತಿತ್ತು. ಕೊನೆಗೆ ಮುದ್ದು ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಅಕ್ಕನ ಸ್ವರ ಕೇಳಿಯೇ ತಿಂಗಳಾಗಿತ್ತು” ಎಂದು ಹಿಡಿ ತುಂಬ ಬೂತಾಯಿ ಹೆಚ್ಚು ಹಾಕಿದಳು.

ಬೂತಾಯಿಗೆ ಏನಾದರೂ ಮಾಡಲು ಆಗುತ್ತದೆಯೇ? ನಮ್ಮ ಮನೆಯಲ್ಲಿ ಎಲ್ಲ ಚೆನ್ನಾಗಿ ನಡೆಯುತ್ತಿದೆ.

ಜಯಪಾಲ


ಶಾರ್ಜಾ
9 ಅಕ್ಟೋಬರ್ 2024

ಶೆಟ್ರೇ,

ಪತ್ರವನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆವು. ಗಿರಾಕಿಗಳೂ ಕೇಳಿದರು.

ನಿಮ್ಮ ಆರು ಗಂಟೆಯ ರೆಕಾರ್ಡನ್ನು ಪೂರ್ತಿ ಕೇಳಿ ಮೂರು ಕಡೆ ‘ಬೂತಾಯಿ’ ಹಿಡಿದೆ. ಎರಡರಲ್ಲಿ ಮಿಕ್ಸಿ. ಮೂರನೆಯದನ್ನು ಕತ್ತರಿಸಿ ‘ನಿನ್ನೆಯದ್ದು’ ಎಂಬುದಕ್ಕೆ ಅಂಟಿಸಿದ್ದೇನೆ. ಆದರೆ ಅಲ್ಲಿ ಅಕ್ಕ ನಿಮ್ಮನ್ನು ಪ್ರಶ್ನೆ ಕೇಳುತ್ತಿದ್ದರು. ಆದ್ದರಿಂದ ಈಗ ಅದು “ಬೂತಾಯಿಯಾ? ನಿನ್ನೆಯದ್ದು!” ಎಂದು ಬರುತ್ತದೆ. ಮುದ್ದುವಿಗೆ ಇನ್ನೂ ಸಿಟ್ಟು ಬರಬಹುದು.

ಒಂದು ಕೇಳಲೇ? ‘ಎಲ್ಲ ಚೆನ್ನಾಗಿ ನಡೆಯುತ್ತಿದೆ’ ಎಂದು ಬರೆದಿದ್ದೀರಿ. ಗಂಡಸರು ಹಾಗೆ ಬರೆದರೆ ನನಗೆ ಅನುಮಾನ.

ಮುನೀರಾ


ಮಣ್ಣಗುಡ್ಡ
18 ಜನವರಿ 2025

ಪ್ರೀತಿಯ ಮುನೀರಾ,

ನಿನ್ನ ಅನುಮಾನಕ್ಕೆ ಉತ್ತರ ಕೊಡಲು ಮೂರು ತಿಂಗಳು ಬೇಕಾಯಿತು.

ನವೆಂಬರಿನಲ್ಲಿ ಅವಳ ಗಂಟಲಿಗೆ ವಾಲ್ವ್ ಕೂರಿಸಿದರು. ಉಸಿರಾಡಲು ಕತ್ತಿನಲ್ಲಿ ಮಾಡಿದ ತೂತಿಗೆ ಬೆರಳು ಒತ್ತಿ, ಉಸಿರನ್ನು ಮೇಲಕ್ಕೆ ತಳ್ಳಿ ಮಾತಾಡಬೇಕು. ವಾರಕ್ಕೆ ಎರಡು ದಿನ ಕಲಿಯಲು ಹೋಗುತ್ತಾಳೆ. ಮೊದಲು ಗಾಳಿ ಮಾತ್ರ, ಆಮೇಲೆ ಒಂದು ಅಕ್ಷರ, ಆಮೇಲೆ ಎರಡು ಮಾತು. ಒರಟು ಸ್ವರ, ತುಕ್ಕು ಹಿಡಿದ ಗೇಟಿನ ಹಾಗೆ. ಅದರಲ್ಲಿ ನನ್ನ ಗುಲಾಬಿಯನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ. ಅವಳು ಬೆರಳು ಕತ್ತಿಗೆ ಕೊಂಡುಹೋದ ಕೂಡಲೇ ನಾನು, “ಸುಸ್ತಾಗ್ತದೆ, ಗುಂಡಿ ಒತ್ತು” ಎನ್ನುತ್ತಿದ್ದೆ. ಅವಳ ಸುಸ್ತಿನ ಮಾತಲ್ಲ ಅದು. ನನ್ನಿಂದ ಕೇಳಲಾಗುತ್ತಿರಲಿಲ್ಲ. ಅವಳು ಸುಮ್ಮನೆ ಗುಂಡಿ ಒತ್ತುತ್ತಿದ್ದಳು. ಈಚೆಗೆ ಅದನ್ನೂ ಕಡಿಮೆ ಮಾಡಿದ್ದಳು.

ಮಧ್ಯಾಹ್ನ ಊಟದ ಮೊದಲು ನಾನು ಹೊರಗಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಹಳೆಯ ರೆಕಾರ್ಡ್ ಕೇಳುವುದು ರೂಢಿಯಾಯಿತು. ಅವಳಿಗೆ ಹೇಳಿರಲಿಲ್ಲ. ನಿನ್ನೆ ಕೇಳುತ್ತಿದ್ದದ್ದು ಹೋಟೆಲಿಗೆ ಮಳೆನೀರು ನುಗ್ಗಿದ ದಿನದ ಕಥೆ. ಗಿರಾಕಿಗಳು ಬೆಂಚಿನ ಮೇಲೆ ಕಾಲು ಮಡಚಿ ಕುಳಿತು ಊಟ ಮುಗಿಸಿದ್ದು. ಕುರ್ಚಿ ಹಿಂದೆ ಎಳೆದೆ, ಹೆಡ್‌ಫೋನಿನ ವಯರು ಕಿತ್ತು ಬಂತು. ಗುಲಾಬಿಯ ಸ್ವರ ಇಡೀ ಮನೆಗೆ ತುಂಬಿತು.

ಅವಳು ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ತನ್ನ ಸ್ವರವನ್ನು ಸ್ವಲ್ಪ ಹೊತ್ತು ಕೇಳಿದಳು. ನಾನು ಮುಖ ಎತ್ತಲಿಲ್ಲ. ಆಮೇಲೆ ಕತ್ತಿಗೆ ಬೆರಳು ಒತ್ತಿದಳು.

“ಅವಳನ್ನು... ನಿಲ್ಲಿಸಿ.”

ಉಸಿರು ತೆಗೆದುಕೊಂಡಳು.

“ನಾನು... ಇಲ್ಲಿ... ಇದ್ದೇನಲ್ಲ.”

ನಿಲ್ಲಿಸಿದೆ. ನೀರು ಎರಡನೆಯ ಮೆಟ್ಟಿಲಿಗೆ ಬಂದಲ್ಲಿ ಕಥೆ ನಿಂತಿತು. ಅವಳು ಎದುರಿನ ಕುರ್ಚಿ ಎಳೆದು ಕುಳಿತು, ಅಲ್ಲಿಂದಲೇ ಮುಂದಕ್ಕೆ ಹೇಳತೊಡಗಿದಳು. ಒಂದು ಮಾತು, ಒಂದು ಉಸಿರು. ನಾಲ್ಕು ನಿಮಿಷದ ಕಥೆಗೆ ಮುಕ್ಕಾಲು ಗಂಟೆ ಹಿಡಿಯಿತು. ಒಳಗೆ ಒಲೆಯ ಮೇಲೆ ಸಾರು ಉಕ್ಕಿ, ಬತ್ತಿ, ತಳ ಹಿಡಿದು ಚಟಪಟ ಎನ್ನತೊಡಗಿತು. ಇಬ್ಬರಿಗೂ ಕೇಳಿಸಿತು. ಯಾರೂ ಏಳಲಿಲ್ಲ.

ಜಯಪಾಲ